ಒಣಚರ್ಮದ ಆರೈಕೆ: ಮನೆಮಂದಿಗೆಲ್ಲ ಹೊಂದುವ ದಿನಚರಿ

ದೀಪಾವಳಿ ಕಳೆದು ಒಣ ಮೂಡಗಾಳಿ ಬೀಸತೊಡಗಿದರೆ ಬೀದರ್, ಕಲಬುರಗಿ, ವಿಜಯಪುರ, ಧಾರವಾಡಗಳಿಂದ ಹಿಡಿದು ಚಿತ್ರದುರ್ಗ, ತುಮಕೂರುಗಳವರೆಗೆ ಮನೆಮನೆಯಲ್ಲೂ ಮೈ ಬಿರಿಯಲು ಆರಂಭವಾಗುತ್ತದೆ. ಮಕ್ಕಳ ಕೆನ್ನೆ ಒರಟಾಗುತ್ತದೆ, ತುಟಿಯ ಸಿಪ್ಪೆ ಏಳುತ್ತದೆ, ಮೊಣಕಾಲಿನ ಕೆಳಗೆ ಉಗುರು ತಾಗಿದರೆ ಬೂದಿಬಣ್ಣದ ಗೆರೆ ಮೂಡುತ್ತದೆ, ವಯಸ್ಸಾದವರು ರಾತ್ರಿ ನಿದ್ದೆಗೆಟ್ಟು ಕಾಲು ಕೆರೆದುಕೊಳ್ಳುತ್ತಾರೆ. ಕರಾವಳಿಯ ಗಾಳಿಯಲ್ಲಿ ಸಮುದ್ರದ ತೇವವಿರುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ಆದರೆ ದಿನವಿಡೀ ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತುಕೊಳ್ಳುವವರಿಗೆ, ಅರವತ್ತು ದಾಟಿದವರಿಗೆ, ದಿನಕ್ಕೆ ಹತ್ತಾರು ಬಾರಿ ಪಾತ್ರೆಗೋ ಬಟ್ಟೆಗೋ ಕೈ ಹಾಕುವವರಿಗೆ ಮಂಗಳೂರಿನಲ್ಲಿದ್ದರೂ ಇದು ತಪ್ಪಿದ್ದಲ್ಲ.

ನಮ್ಮ ಮನೆಗಳಲ್ಲಿ ಎಣ್ಣೆಯ ಬಳಕೆಗೆ ಕೊರತೆಯಿಲ್ಲ. ನರಕ ಚತುರ್ದಶಿಯಂದು ಮತ್ತು ಯುಗಾದಿಯಂದು ಎಣ್ಣೆಸ್ನಾನವಿದೆ, ಬಾಣಂತಿಗೂ ಹಸುಗೂಸಿಗೂ ಎಣ್ಣೆನೀರು ಹಾಕುವ ಪದ್ಧತಿಯಿದೆ, ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಸಂಕ್ರಾಂತಿಗೆ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಮೀಯುವ ರೂಢಿಯಿದೆ. ಇವೆಲ್ಲವೂ ಸ್ನಾನಕ್ಕೆ ಮೊದಲು ನಡೆಯುವಂಥವು ಎಂಬುದನ್ನು ಗಮನಿಸಬೇಕು. ಹಚ್ಚಿದ ಎಣ್ಣೆಯನ್ನು ಬಿಸಿನೀರು, ಸೀಗೆಕಾಯಿ, ಸಾಬೂನುಗಳಿಂದ ತಿಕ್ಕಿ ತೆಗೆದ ಮೇಲೆ ಚರ್ಮದ ಪಾಲಿಗೆ ಉಳಿಯುವುದು ಅಲ್ಪ. ಹಬ್ಬದ ಅಭ್ಯಂಜನವನ್ನು ಬಿಡಬೇಕೆಂದು ಇದರ ಅರ್ಥವಲ್ಲ; ಒಣಚರ್ಮಕ್ಕೆ ಬೇಕಾದ ಮುಖ್ಯ ಆರೈಕೆ ಸ್ನಾನದ ಅನಂತರದ ಮೂರು ನಿಮಿಷಗಳಲ್ಲಿ ಆಗಬೇಕು, ಅದೂ ಪ್ರತಿದಿನ, ಮನೆಯಲ್ಲಿರುವ ಎಲ್ಲರಿಗೂ ಆಗಬೇಕು ಎಂಬುದೇ ಈ ಬರಹದಲ್ಲಿ ನಾನು ಒತ್ತಿ ಹೇಳಬೇಕಾದ ಸಂಗತಿ. ಯಾವ ಕ್ರೀಮು ಎಂಬ ಪ್ರಶ್ನೆ ಅದರ ನಂತರದ್ದು.

ಚರ್ಮ ಏಕೆ ಒಣಗುತ್ತದೆ

ನಮ್ಮ ಚರ್ಮದ ತೀರ ಹೊರಗಿನ ಪದರ ಸತ್ತ ಜೀವಕೋಶಗಳಿಂದ ಆದದ್ದು. ಅದು ಕಾಗದದಷ್ಟು ತೆಳುವಾಗಿದ್ದರೂ ದೇಹದೊಳಗಿನ ನೀರು ಹೊರಗೆ ಆವಿಯಾಗದಂತೆ ತಡೆಯುವ ಕೆಲಸವನ್ನು ಮಾಡುವುದು ಅದೇ. ಇಟ್ಟಿಗೆಗಳನ್ನು ಗಾರೆ ಹಿಡಿದಿಡುವಂತೆ ಈ ಕೋಶಗಳನ್ನು ಸೆರಮೈಡ್, ಕೊಲೆಸ್ಟೆರಾಲ್ ಮತ್ತು ಕೊಬ್ಬಿನಾಮ್ಲಗಳಿಂದಾದ ಜಿಡ್ಡು ಒಂದಕ್ಕೊಂದು ಬೆಸೆದಿರುತ್ತದೆ. ಸುತ್ತಲಿನ ಗಾಳಿಯಲ್ಲಿ ತೇವ ಇಳಿದಾಗ ಚರ್ಮದಿಂದ ನೀರು ಹೆಚ್ಚು ಬೇಗ ಆವಿಯಾಗುತ್ತದೆ. ಜಿಡ್ಡೂ ಕರಗಿಹೋಗಿದ್ದರೆ ಹೊರಪದರ ಬಿಗಿದು, ಸೀಳಿ, ಹೊಟ್ಟೇಳುತ್ತದೆ. ಸೀಳಿದ ಕಡೆಯಿಂದ ಸಾಬೂನು, ಧೂಳು, ರೋಗಾಣುಗಳು ಒಳಗಿಳಿದು ತುರಿಕೆ ಹೆಚ್ಚುತ್ತದೆ, ಕೆರೆದಷ್ಟೂ ಸೀಳು ಅಗಲವಾಗುತ್ತದೆ.

ಗಾಳಿಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಆದರೆ ಜಿಡ್ಡನ್ನು ಕರಗಿಸುವ ಎರಡು ಕಾರಣಗಳು ನಮ್ಮ ಬಚ್ಚಲುಮನೆಯಲ್ಲೇ ಇವೆ: ಕುದಿಯುವಂಥ ನೀರು ಮತ್ತು ಧಾರಾಳವಾದ ಸಾಬೂನು. ನೀರನ್ನು ಹೆಚ್ಚು ಕುಡಿದರೆ ಒಣಚರ್ಮ ಸರಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ನೀರು ದೇಹಕ್ಕೆ ಅಗತ್ಯವೇ ಹೌದು, ಆದರೆ ಹೊರಪದರದ ಜಿಡ್ಡು ಹೋಗಿದ್ದರೆ ಕುಡಿದ ನೀರಿನಿಂದ ಅದು ಮರಳಿ ಬರುವುದಿಲ್ಲ.

ಮೊದಲು ಸ್ನಾನವನ್ನು ಸರಿಪಡಿಸಿಕೊಳ್ಳುವುದು

ಚಳಿಗಾಲದ ಬೆಳಿಗ್ಗೆ ಹಂಡೆಯಿಂದ ಹೊಗೆಯಾಡುವ ನೀರನ್ನು ತೋಡಿ ಮೈಮೇಲೆ ಸುರಿದುಕೊಳ್ಳುವ ಸುಖ ಬಲ್ಲವರಿಗೆ ಈ ಮಾತು ಕಹಿ ಎನಿಸಬಹುದು. ಆದರೂ ಹೇಳಲೇಬೇಕು: ಮೈ ಕೆಂಪೇರುವಷ್ಟು ಬಿಸಿಯಾದ ನೀರು ಒಣಚರ್ಮಕ್ಕೆ ನೇರ ಶತ್ರು. ಮೊಣಕೈಯನ್ನು ನೀರಿಗೆ ತಾಗಿಸಿದಾಗ ಬೆಚ್ಚಗೆನಿಸಬೇಕು, ಸುಡು ಎನಿಸಬಾರದು. ಅಷ್ಟು ಬಿಸಿ ಸಾಕು. ಸ್ನಾನ ಐದರಿಂದ ಹತ್ತು ನಿಮಿಷಗಳಲ್ಲಿ ಮುಗಿಯಲಿ. ಚಳಿಯೆನಿಸುವುದನ್ನು ತಡೆಯಲು ನೀರಿನ ಬಿಸಿಯನ್ನು ಹೆಚ್ಚಿಸುವ ಬದಲು ಬಚ್ಚಲಿನ ಕಿಟಕಿ ಮುಚ್ಚಿ, ಒರೆಸುವ ಬಟ್ಟೆಯನ್ನೂ ಉಡುವ ಬಟ್ಟೆಯನ್ನೂ ಕೈಗೆಟಕುವಂತೆ ಇಟ್ಟುಕೊಂಡರೆ ಹೆಚ್ಚು ಪ್ರಯೋಜನವಾಗುತ್ತದೆ.

ಸಾಬೂನು ಇಡೀ ಮೈಗೆ ದಿನವೂ ಬೇಕಾಗಿಲ್ಲ. ಕಂಕುಳು, ತೊಡೆಯ ಸಂದು, ಪಾದ, ಮಣ್ಣಾದ ಕೈ ಇವುಗಳಿಗೆ ಹಚ್ಚಿದರೆ ಸಾಕು. ತೋಳು, ಕಾಲು, ಬೆನ್ನುಗಳಿಗೆ ಚಳಿಗಾಲದಲ್ಲಿ ಬರಿಯ ನೀರೇ ಸಾಲುತ್ತದೆ. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿದ್ದು ಅದರ ಪಿಎಚ್ ಸುಮಾರು 5ರ ಆಸುಪಾಸಿನಲ್ಲಿರುತ್ತದೆ, ಸಾಮಾನ್ಯ ಸಾಬೂನಿನದು 9ರಿಂದ 10, ಎಂದರೆ ಅದು ಕ್ಷಾರೀಯ. ಹೊದಿಕೆಯ ಮೇಲೆ ಟಿಎಫ್ಎಂ ಶೇಕಡಾ 76 ಎಂದಿದ್ದರೆ ಸಾಬೂನು ಮೃದು ಎಂದು ಅನೇಕರು ತಿಳಿಯುತ್ತಾರೆ. ಆ ಅಂಕಿ ಅದರಲ್ಲಿರುವ ಕೊಬ್ಬಿನ ಅಂಶವನ್ನಷ್ಟೇ ತಿಳಿಸುತ್ತದೆ. ಅಂಥ ಒಳ್ಳೆಯ ದರ್ಜೆಯ ಸಾಬೂನೂ ಕ್ಷಾರೀಯವೇ. ಚರ್ಮ ತೀರ ಒಣಗಿರುವವರಿಗೆ, ಇಸುಬು ಇರುವ ಮಕ್ಕಳಿಗೆ, ಔಷಧದ ಅಂಗಡಿಯಲ್ಲಿ ಸಿಗುವ ಸಿಂಡೆಟ್ ಬಾರ್ (ಸಾಬೂನಿನ ಬದಲು ಕೃತಕ ಮಾರ್ಜಕದಿಂದ ಮಾಡಿದ ಬಿಲ್ಲೆ) ಅಥವಾ ಸಾಬೂನುರಹಿತ ದ್ರವ ಕ್ಲೆನ್ಸರ್ ಮೇಲು. ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಕಾಯಿಗಳು ಸಾಬೂನಿನಷ್ಟು ಕ್ಷಾರೀಯವಲ್ಲ, ಆದರೆ ಇವೂ ಜಿಡ್ಡನ್ನು ತೆಗೆಯುತ್ತವೆ. ಬಳಸುವುದಾದರೆ ನಯವಾಗಿ ಜರಡಿ ಹಿಡಿದ ಹಿಟ್ಟನ್ನು ನೀರಿನಲ್ಲಿ ತೆಳುವಾಗಿ ಕಲಸಿ ಸವರಬೇಕು, ಒಣ ಪುಡಿಯಿಂದ ಉಜ್ಜಬಾರದು. ನಾರು ಅಥವಾ ಕಲ್ಲಿನಿಂದ ಮೈ ತಿಕ್ಕುವುದನ್ನು ಚಳಿಗಾಲ ಮುಗಿಯುವವರೆಗೆ ನಿಲ್ಲಿಸುವುದೇ ಒಳ್ಳೆಯದು.

ಬಯಲುಸೀಮೆಯ ಬಹಳಷ್ಟು ಮನೆಗಳಿಗೆ ಕೊಳವೆಬಾವಿಯ ಗಡಸು ನೀರೇ ಗತಿ. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನಿನೊಂದಿಗೆ ಸೇರಿ ನೊರೆಯಾಗದ ಬಿಳಿ ಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ ಅಂಟುವ ಆ ಗಸಿ ಚರ್ಮಕ್ಕೂ ಅಂಟಿಕೊಂಡು ತುರಿಕೆ ತರುತ್ತದೆ. ನೊರೆ ಬರಲೆಂದು ಮತ್ತಷ್ಟು ಸಾಬೂನು ಹಚ್ಚಿದರೆ ಹಾನಿ ಇಮ್ಮಡಿಯಾಗುತ್ತದೆ. ಇಂಥ ಊರುಗಳಲ್ಲಿ ಸಾಬೂನನ್ನು ಇನ್ನೂ ಕಡಿಮೆ ಮಾಡಿ, ಚೆನ್ನಾಗಿ ತೊಳೆದುಕೊಂಡು, ಸಂಗ್ರಹಿಸಿದ ಮಳೆನೀರೋ ನದಿಯ ನಲ್ಲಿನೀರೋ ಇದ್ದರೆ ಕೊನೆಯ ಎರಡು ಚೊಂಬುಗಳಿಗೆ ಅದನ್ನು ಬಳಸಬಹುದು. ಸಾಬೂನಲ್ಲದ ಸಿಂಡೆಟ್ ಬಾರ್ ಗಡಸು ನೀರಿನಲ್ಲಿ ಗಸಿಯಾಗುವುದಿಲ್ಲ ಎಂಬುದು ಅದನ್ನು ಆರಿಸಲು ಇನ್ನೊಂದು ಕಾರಣ.

ಸ್ನಾನದ ನಂತರದ ಮೂರು ನಿಮಿಷ

ನೀರು ಹಾಕಿಕೊಂಡ ಮೇಲೆ ಹೊರಪದರ ಸ್ವಲ್ಪ ನೀರನ್ನು ಹೀರಿಕೊಂಡಿರುತ್ತದೆ. ಹಾಗೆಯೇ ಬಿಟ್ಟರೆ ಆ ನೀರು ಕೆಲವೇ ನಿಮಿಷಗಳಲ್ಲಿ ಆವಿಯಾಗಿ ಚರ್ಮ ಮೊದಲಿಗಿಂತಲೂ ಬಿಗಿಯುತ್ತದೆ. ಅದು ಹಾರಿಹೋಗುವ ಮೊದಲು ಮೇಲೊಂದು ಜಿಡ್ಡಿನ ಪದರ ಹೊದಿಸುವುದೇ ಈ ಆರೈಕೆಯ ತಿರುಳು. ಆದ್ದರಿಂದ ಮೈಯನ್ನು ಟವೆಲ್ಲಿನಿಂದ ತಿಕ್ಕಿ ಒಣಗಿಸದೆ, ತೆಳುವಾದ ಹತ್ತಿಬಟ್ಟೆಯನ್ನು ಮೆಲ್ಲನೆ ಒತ್ತಿ ನೀರಿನ ಹನಿಗಳನ್ನಷ್ಟೇ ತೆಗೆದು, ಚರ್ಮ ಇನ್ನೂ ಹಸಿಯಾಗಿರುವಾಗಲೇ ಎಣ್ಣೆ ಅಥವಾ ಕ್ರೀಮನ್ನು ಹಚ್ಚಬೇಕು. ಅಂಗೈಗಳ ನಡುವೆ ಅದನ್ನು ಒಮ್ಮೆ ಬೆಚ್ಚಗಾಗಿಸಿಕೊಂಡು, ಕೂದಲು ಬೆಳೆದ ದಿಕ್ಕಿನಲ್ಲಿ, ಎಂದರೆ ತೋಳು ಮತ್ತು ಕಾಲುಗಳಲ್ಲಿ ಮೇಲಿನಿಂದ ಕೆಳಕ್ಕೆ ಸವರಬೇಕು. ಎದುರು ದಿಕ್ಕಿಗೆ ಉಜ್ಜಿದರೆ ಕೂದಲಿನ ಬುಡ ಕಟ್ಟಿಕೊಂಡು ಸಣ್ಣ ಗುಳ್ಳೆಗಳೇಳುವುದುಂಟು. ಹಚ್ಚಿದ ಮೇಲೆ ಒಂದೆರಡು ನಿಮಿಷ ಬಿಟ್ಟು ಬಟ್ಟೆ ಹಾಕಿಕೊಳ್ಳಬೇಕು.

ಈ ಕ್ರಮ ಉಳಿಯುವುದೂ ಬಿಡುವುದೂ ಡಬ್ಬಿ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಕೋಣೆಯ ಕಪಾಟಿನೊಳಗೆ ಇಟ್ಟ ಕ್ರೀಮು ಶಾಲೆಯ ಬಸ್ಸು ಹಿಡಿಯುವ ಅವಸರದಲ್ಲಿ ಯಾರ ಕೈಗೂ ಬರುವುದಿಲ್ಲ. ಬಚ್ಚಲಿನ ಬಾಗಿಲ ಹೊರಗೆ, ಟವೆಲ್ ನೇತುಹಾಕುವ ಜಾಗದಲ್ಲೇ ಒಂದು ಗೂಡಿನಲ್ಲಿ ಅದನ್ನಿಟ್ಟು, ಪಕ್ಕದಲ್ಲಿ ಕೂರಲು ಒಂದು ಸ್ಟೂಲು ಇರಿಸಿದರೆ ಮಕ್ಕಳೂ ಹಿರಿಯರೂ ಬಟ್ಟೆ ಹಾಕಿಕೊಳ್ಳುವ ಮೊದಲು ತಾವಾಗಿಯೇ ಹಚ್ಚಿಕೊಳ್ಳುತ್ತಾರೆ. ಚಳಿಯ ಬೆಳಿಗ್ಗೆ ಸ್ನಾನ ಮಾಡದ ಹಿರಿಯರಿಗೆ ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೈಕಾಲು ಒರೆಸಿ, ಆ ತೇವದ ಮೇಲೆಯೇ ಹಚ್ಚಿದರೂ ಆದೀತು.

ಹಚ್ಚುವ ಪ್ರಮಾಣದಲ್ಲಿ ನಾವೆಲ್ಲರೂ ಜಿಪುಣರು. ವೈದ್ಯರು ಬಳಸುವ ಒಂದು ಸುಲಭ ಅಳತೆಯಿದೆ: ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ ತೂಗುತ್ತದೆ, ಅದು ಬೆರಳುಗಳೂ ಸೇರಿದ ಎರಡು ಅಂಗೈಗಳಷ್ಟು ಜಾಗಕ್ಕೆ ಸಾಲುತ್ತದೆ. ಈ ಲೆಕ್ಕದಲ್ಲಿ ಒಂದು ತೋಳು ಮತ್ತು ಹಸ್ತಕ್ಕೆ ನಾಲ್ಕು, ಒಂದು ಕಾಲು ಮತ್ತು ಪಾದಕ್ಕೆ ಎಂಟು ಅಳತೆ ಬೇಕು. ಎರಡೂ ಕೈ ಎರಡೂ ಕಾಲು ಸೇರಿ 12 ಗ್ರಾಂ ಆಗುತ್ತದೆ. ಅಂದರೆ ದಿನಕ್ಕೆ ಒಮ್ಮೆ ಸರಿಯಾಗಿ ಹಚ್ಚಿದರೆ 100 ಗ್ರಾಂ ಡಬ್ಬಿ ಒಬ್ಬರಿಗೆ ಎಂಟು ದಿನ ಬರುತ್ತದೆ. ಒಂದು ಡಬ್ಬಿ ಇಡೀ ಮನೆಗೆ ಎರಡು ತಿಂಗಳು ಬಂದಿದ್ದರೆ ಯಾರೊಬ್ಬರಿಗೂ ಸಾಕಷ್ಟು ತಾಗಿಲ್ಲ ಎಂದೇ ತಿಳಿಯಬೇಕು. ದುಬಾರಿ ಕ್ರೀಮನ್ನು ಚಿಟಿಕೆಯಷ್ಟು ಹಚ್ಚುವುದಕ್ಕಿಂತ ಅಗ್ಗದ ಜಿಡ್ಡನ್ನು ಸಾಕಷ್ಟು ಹಚ್ಚುವುದು ಮೇಲು ಎಂದು ನಾನು ಹೇಳುವುದು ಈ ಲೆಕ್ಕದಿಂದಲೇ.

ಏನನ್ನು ಹಚ್ಚಬೇಕು

ಅಂಗಡಿಯಲ್ಲಿ ಸಿಗುವ ನೂರಾರು ಕ್ರೀಮುಗಳು ಮಾಡುವುದು ಮೂರೇ ಕೆಲಸ. ಗ್ಲಿಸರಿನ್, ಯೂರಿಯಾ, ಲ್ಯಾಕ್ಟಿಕ್ ಆಮ್ಲ, ಹಯಲುರಾನಿಕ್ ಆಮ್ಲಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಎಣ್ಣೆಗಳು ಮತ್ತು ಸೆರಮೈಡ್‌ಗಳು ಕೋಶಗಳ ನಡುವಿನ ಬಿರುಕನ್ನು ತುಂಬಿ ನಯಗೊಳಿಸುತ್ತವೆ. ಪೆಟ್ರೋಲಿಯಂ ಜೆಲ್ಲಿ, ಲಿಕ್ವಿಡ್ ಪ್ಯಾರಾಫಿನ್, ಡೈಮೆಥಿಕೋನ್‌ಗಳು ಮೇಲೆ ಪೊರೆಯಾಗಿ ನಿಂತು ಆವಿಯಾಗುವುದನ್ನು ತಡೆಯುತ್ತವೆ. ನೀರಿನಂತೆ ಹರಿಯುವ ಲೋಷನ್ನಿಗಿಂತ ಗಟ್ಟಿ ಕ್ರೀಮು, ಕ್ರೀಮಿಗಿಂತ ಮುಲಾಮು ಒಣಚರ್ಮಕ್ಕೆ ಹೆಚ್ಚು ಕಾಲ ಒದಗುತ್ತದೆ. ಅಂಟು ಅಂಟಾಗುವುದೆಂಬ ಕಾರಣಕ್ಕೆ ಹಗಲಿನಲ್ಲಿ ಲೋಷನ್ ಅಥವಾ ಕ್ರೀಮು, ರಾತ್ರಿ ಮುಲಾಮು ಎಂದು ಹಂಚಿಕೊಳ್ಳಬಹುದು. ಪರಿಮಳ ಹಾಕದ್ದನ್ನೇ ಆರಿಸಿ. ಗಿಡಮೂಲಿಕೆ ಎಂದು ಬರೆದಿರುವುದರಿಂದಲೇ ಅದು ಒಗ್ಗುತ್ತದೆ ಎಂದು ಭಾವಿಸಬಾರದು, ಗಿಡಗಳ ಸುಗಂಧತೈಲಗಳೂ ಅಲರ್ಜಿ ತರುತ್ತವೆ.

1872ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಪೆಟ್ರೋಲಿಯಂ ಜೆಲ್ಲಿಗೆ ನೀರಿನ ಆವಿಯನ್ನು ತಡೆಯುವುದರಲ್ಲಿ ಇಂದಿಗೂ ಸರಿಸಾಟಿಯಾದುದು ಕಡಿಮೆ, ಮತ್ತು ಅದು ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಅಗ್ಗವಾಗಿ ಸಿಗುತ್ತದೆ. ಆದರೆ ಅದು ತಾನಾಗಿ ನೀರು ಕೊಡುವುದಿಲ್ಲ. ಒಣಗಿದ ಚರ್ಮದ ಮೇಲೆ ಹಚ್ಚಿದರೆ ಒಣಗಿದ್ದನ್ನೇ ಮುಚ್ಚಿದಂತಾಗುತ್ತದೆ. ಹಸಿಚರ್ಮದ ಮೇಲೆ ತೆಳುವಾಗಿ ಸವರಬೇಕು. ಗ್ಲಿಸರಿನ್ನನ್ನು ನೇರವಾಗಿ ಹಚ್ಚದೆ ಒಂದು ಪಾಲಿಗೆ ಎರಡು ಮೂರು ಪಾಲು ಶುದ್ಧ ನೀರು ಅಥವಾ ಪನ್ನೀರು ಬೆರೆಸಿ, ಅಂದಂದಿಗೆ ಬೇಕಾದಷ್ಟನ್ನೇ ಕಲಸಿಕೊಂಡು ಹಚ್ಚಿ, ಅದರ ಮೇಲೆ ಎಣ್ಣೆಯ ಅಥವಾ ಜೆಲ್ಲಿಯ ತೆಳುಪದರ ಕೊಡಬೇಕು. ಗಾಳಿ ತೀರ ಒಣಗಿರುವಾಗ ಬರಿಯ ಗ್ಲಿಸರಿನ್ ಚರ್ಮದೊಳಗಿನ ನೀರನ್ನೇ ಮೇಲಕ್ಕೆಳೆದು ಕಳೆದುಬಿಡುತ್ತದೆ. ಇನ್ನು ಯೂರಿಯಾ ಎಂದರೆ ಔಷಧದ ಅಂಗಡಿಯ ಶೇಕಡಾ 5ರಿಂದ 10ರ ಯೂರಿಯಾ ಕ್ರೀಮು. ಹೊಲಕ್ಕೆ ಹಾಕುವ ಗೊಬ್ಬರವನ್ನು ಎಂದಿಗೂ ಮೈಗೆ ಮುಟ್ಟಿಸಬಾರದು.

ಎಣ್ಣೆಗಳಲ್ಲಿ ಕೊಬ್ಬರಿಎಣ್ಣೆಯ ಪರವಾಗಿ ಒಳ್ಳೆಯ ಆಧಾರವಿದೆ. ಫಿಲಿಪೀನ್ಸಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಸಾಧಾರಣ ಒಣಚರ್ಮಕ್ಕೆ ಅದು ಖನಿಜ ತೈಲದಷ್ಟೇ ಪರಿಣಾಮಕಾರಿ ಎಂದು ಕಂಡುಬಂದಿತು. ಮೊಡವೆಯ ವಯಸ್ಸಿನವರು ಮಾತ್ರ ಅದನ್ನು ಮುಖಕ್ಕೆ ಹಚ್ಚಬಾರದು, ರಂಧ್ರಗಳು ಕಟ್ಟಿಕೊಳ್ಳುತ್ತವೆ. ಸೂರ್ಯಕಾಂತಿ ಎಣ್ಣೆಯೂ ಒಳ್ಳೆಯದು. ಹರಳೆಣ್ಣೆ ದಪ್ಪ ಮತ್ತು ಅಂಟು. ಹಿಮ್ಮಡಿಗಾದರೆ ಸರಿ, ಇಡೀ ಮೈಗೆ ಬೇಡ. ಹೆಚ್ಚು ಬೆಲೆ ಕೊಟ್ಟು ತರುವ ಆಲಿವ್ ಎಣ್ಣೆ ಮತ್ತು ಉತ್ತರ ಭಾರತದಲ್ಲಿ ರೂಢಿಯಲ್ಲಿರುವ ಸಾಸಿವೆ ಎಣ್ಣೆ ಚರ್ಮದ ತಡೆಪದರವನ್ನು ದುರ್ಬಲಗೊಳಿಸಬಲ್ಲವು ಎಂದು ತೋರಿರುವುದರಿಂದ, ಮುಖ್ಯವಾಗಿ ಕೂಸುಗಳಿಗೆ, ಅವನ್ನು ಬಿಡುವುದೇ ಲೇಸು.

ನಮ್ಮ ನಾಡಿನದೇ ಆದ ಒಂದು ಜಿಡ್ಡನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಉತ್ತರ ಕನ್ನಡ ಮತ್ತು ಮಲೆನಾಡಿನ ಮನೆಗಳಲ್ಲಿ ಮುರುಗಲ ಹಣ್ಣಿನ, ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ ಅದೇ ಹಣ್ಣಿನ, ಬೀಜಗಳನ್ನು ಒಣಗಿಸಿ ಕುಟ್ಟಿ ನೀರಿನಲ್ಲಿ ಕುದಿಸಿ ತೆಗೆಯುವ ತುಪ್ಪ ಕಾಲಿನ ಒಡಕಿಗೂ ತುಟಿಯ ಬಿರುಕಿಗೂ ತಲೆಮಾರುಗಳಿಂದ ಬಳಕೆಯಲ್ಲಿದೆ. ಅದು ಸಾಧಾರಣ ಹವೆಯಲ್ಲಿ ಗಟ್ಟಿಯಾಗಿದ್ದು, ಮೈಯ ಬಿಸಿಗಿಂತ ತುಸು ಮೇಲಿನ ಉಷ್ಣತೆಯಲ್ಲಿ ಕರಗುತ್ತದೆ. ಆದ್ದರಿಂದ ತುಂಡನ್ನು ಚಮಚದಲ್ಲಿಟ್ಟು ಬಿಸಿನೀರಿನ ಮೇಲೆ ಹಿಡಿದು ಕರಗಿಸಿ, ಉಗುರುಬೆಚ್ಚಗಾದ ಮೇಲೆ ಹಚ್ಚಬೇಕು. ಬೇಸಿಗೆಯ ಕೊನೆಯಲ್ಲಿ ಹಣ್ಣು ಸಿಗುವಾಗಲೇ ತೆಗೆದಿಟ್ಟುಕೊಂಡರೆ ಚಳಿಗಾಲಕ್ಕೆ ಒದಗುತ್ತದೆ. ಮನೆಯಲ್ಲಿ ಇದನ್ನು ತೆಗೆಯಲು ಬಲ್ಲ ಅಜ್ಜಿಯರಿದ್ದರೆ ಅವರಿಂದ ಈ ವಿದ್ಯೆಯನ್ನು ಕಲಿತಿಟ್ಟುಕೊಳ್ಳುವುದು ಅಗತ್ಯವೆಂದು ನನಗೆ ಮನಃಪೂರ್ವಕವಾಗಿ ಅನ್ನಿಸುತ್ತದೆ.

ಕೂಸು, ಮಕ್ಕಳು, ದುಡಿಯುವವರು, ಹಿರಿಯರು

ಹುಟ್ಟಿದ ಕೂಸಿನ ಮೈಮೇಲಿನ ಬಿಳಿಯ ಜಿಡ್ಡನ್ನು ಉಜ್ಜಿ ತೆಗೆಯಬಾರದು, ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆಗಳ ನಂತರಕ್ಕೆ ಮುಂದೂಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಸೋಂಕುಗಳು ಕಡಿಮೆಯಾದುದನ್ನು ಢಾಕಾದ ಮಕ್ಕಳ ಆಸ್ಪತ್ರೆಯೊಂದರಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂಥ ಕೂಸಿಗೆ ಏನು ಹಚ್ಚಬೇಕೆಂಬುದನ್ನು ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ತುಂಬು ತಿಂಗಳಿನ ಕೂಸಿಗೆ ಕೊಬ್ಬರಿಎಣ್ಣೆ ಸಾಕು. ಎಣ್ಣೆ ನೀವುವ ಕೈ ಹಗುರವಾಗಿರಲಿ. ಮೂಗಿಗೂ ಕಿವಿಗೂ ಎಣ್ಣೆ ಬಿಡುವುದು ಅಪಾಯಕರ, ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯ ತರಬಲ್ಲದು. ನೆಗಡಿಗೆಂದು ಕರ್ಪೂರ ಕರಗಿಸಿದ ಎಣ್ಣೆಯನ್ನು ಎಳೆಯ ಕೂಸಿಗೆ ಹಚ್ಚಲೇಬೇಡಿ; ಕರ್ಪೂರ ದೇಹಕ್ಕೆ ಸೇರಿದರೆ ಫಿಟ್ಸ್ ಬರುವ ಸಂಭವವಿದೆ. ಇಸುಬಿನಿಂದ ಚರ್ಮ ಒಡೆದಿರುವ ಮಗುವಿಗೆ ಶೇಂಗಾ ಎಣ್ಣೆ, ಕಡಲೆಹಿಟ್ಟು, ಹಾಲಿನ ಕೆನೆ ಮುಂತಾದ ಆಹಾರವಸ್ತುಗಳನ್ನು ಹಚ್ಚುವುದೂ ಬೇಡ, ಒಡೆದ ಚರ್ಮದ ಮೂಲಕ ಆ ಆಹಾರಕ್ಕೇ ಅಲರ್ಜಿ ಬೆಳೆಯಬಹುದು.

ಶಾಲೆಯ ಮಕ್ಕಳಿಗೆ ಬೆಳಿಗ್ಗೆ ಒಮ್ಮೆ ಕೈ, ಕಾಲು, ಕೆನ್ನೆಗಳಿಗೆ ಹಚ್ಚಿ, ರಾತ್ರಿ ಮಲಗುವಾಗ ತುಟಿಗೆ ಜೆಲ್ಲಿ ಸವರಿದರೆ ಸಾಧಾರಣವಾಗಿ ಸಾಲುತ್ತದೆ. ತುಟಿ ನೆಕ್ಕುವ ಅಭ್ಯಾಸವಿರುವ ಮಗುವಿಗೆ ಬೈಯುವುದಕ್ಕಿಂತ ಜೇಬಿನಲ್ಲಿ ಒಂದು ಪುಟ್ಟ ಡಬ್ಬಿ ಕೊಟ್ಟುಕಳಿಸುವುದು ಫಲಕಾರಿ. ಉಣ್ಣೆಯ ಸ್ವೆಟರ್, ಕಂಬಳಿಗಳು ಬರಿಮೈಗೆ ತಾಗದಂತೆ ಒಳಗೆ ಹತ್ತಿಬಟ್ಟೆ ಇರಲಿ.

ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಿರಿಯುವ ಕೈಗಳು ಪಾತ್ರೆ ತಿಕ್ಕುವ ಕೈಗಳು, ಮತ್ತು ಎಲ್ಲರಿಗಿಂತ ಕೊನೆಗೆ ಆರೈಕೆ ಸಿಗುವುದೂ ಅವಕ್ಕೇ. ಪಾತ್ರೆಯ ಸಾಬೂನು, ಬಟ್ಟೆಯ ಪುಡಿ, ಫಿನೈಲು, ಹುಣಸೆ, ನಿಂಬೆ, ಮೆಣಸಿನಕಾಯಿ, ಬೆಳ್ಳುಳ್ಳಿ ಇವೆಲ್ಲ ಒಂದೇ ದಿನದಲ್ಲಿ ತಾಗುವ ಚರ್ಮಕ್ಕೆ ಬೆಳಗಿನ ಒಂದು ಬಾರಿಯ ಎಣ್ಣೆ ಏನೂ ಸಾಲದು. ಪ್ರತಿ ಬಾರಿ ಕೈ ತೊಳೆದು ಒರೆಸಿದ ಕೂಡಲೇ ಹಚ್ಚುವಂತೆ ಅಡುಗೆಮನೆಯ ಸಿಂಕಿನ ಪಕ್ಕದಲ್ಲೇ ಎರಡನೆಯ ಡಬ್ಬಿಯೊಂದು ಇರಬೇಕು. ಪಾತ್ರೆಗೆ ರಬ್ಬರಿನ ಕೈಗವಸು ಹಾಕುವುದಾದರೆ ಒಳಗೆ ತೆಳುವಾದ ಹತ್ತಿಯ ಗವಸು ತೊಟ್ಟು, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ತೆಗೆಯದೆ ಇರಬಾರದು. ಒಳಗೆ ಬೆವರು ಕಟ್ಟಿದರೆ ಅದೂ ತುರಿಕೆಯೇ. ಉಂಗುರದ ಕೆಳಗೆ ಸಾಬೂನು ಕೂರುವುದರಿಂದ ಅದನ್ನು ತೆಗೆದಿಟ್ಟು ಕೆಲಸ ಮಾಡಬೇಕು. ಮನೆಗೆಲಸಕ್ಕೆ ಬರುವವರಿದ್ದರೆ ಅವರ ಕೈಗೂ ಅದೇ ಡಬ್ಬಿ ಸಿಗಲಿ. ಸಿಮೆಂಟಿನ ಕೆಲಸ ಮಾಡುವವರ ವಿಷಯ ಇನ್ನೂ ಗಂಭೀರ: ಹಸಿ ಸಿಮೆಂಟು ತೀವ್ರ ಕ್ಷಾರ. ಅವರು ಗವಸು ಮತ್ತು ಬೂಟು ತೊಟ್ಟಿರಬೇಕು, ಮನೆಗೆ ಬಂದ ಕೂಡಲೇ ತೊಳೆದು ದಪ್ಪನಾಗಿ ಮುಲಾಮು ಹಚ್ಚಬೇಕು. ಇದು ಹೆಂಗಸರ ಅಲಂಕಾರವೆಂಬ ಭಾವನೆಯಿಂದ ಗಂಡಸರು ಹಿಂಜರಿಯುತ್ತಾರೆ. ಬಿರಿದ ಕೈಯಿಂದ ಗುದ್ದಲಿ ಹಿಡಿಯುವ ನೋವು ಅವರದೇ ಆಗಿರುವುದರಿಂದ ಮನೆಯವರು ಇದನ್ನು ಬಿಡಿಸಿ ಹೇಳಬೇಕು.

ಹಿರಿಯರಲ್ಲಿ ಜಿಡ್ಡಿನ ಗ್ರಂಥಿಗಳು ಸೊರಗಿರುತ್ತವೆ, ಚರ್ಮ ತೆಳುವಾಗಿರುತ್ತದೆ. ಅವರಿಗೆ ದಿನಕ್ಕೆ ಎರಡು ಬಾರಿ ಹಚ್ಚಬೇಕು, ಮತ್ತು ಬೆನ್ನಿಗೂ ಪಾದಕ್ಕೂ ಅವರ ಕೈ ಎಟುಕುವುದಿಲ್ಲ ಎಂಬುದನ್ನು ಮನೆಯವರು ತಾವಾಗಿ ನೆನೆಯಬೇಕು. ಹಿರಿಯರು ಸಂಕೋಚದಿಂದ ಕೇಳುವುದಿಲ್ಲ. ಸಂಜೆ ಮೊಮ್ಮಗನೋ ಮೊಮ್ಮಗಳೋ ಅಜ್ಜನ ಕಾಲಿಗೆ ಕ್ರೀಮು ಹಚ್ಚುವುದು ಮನೆಯ ನಿತ್ಯದ ಕೆಲಸಗಳಲ್ಲಿ ಒಂದಾದರೆ ಅದರಿಂದ ಇನ್ನೊಂದು ಪ್ರಯೋಜನವಿದೆ: ಕಾಲಿನ ಗಾಯ, ಬಾವು, ಬಣ್ಣದ ಬದಲಾವಣೆ ಬೇಗ ಕಣ್ಣಿಗೆ ಬೀಳುತ್ತವೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬಹಳ ಮುಖ್ಯ. ಅವರ ಪಾದಗಳಿಗೆ ಕ್ರೀಮು ಹಚ್ಚಬೇಕು, ಆದರೆ ಬೆರಳುಗಳ ಸಂದಿಗೆ ಹಚ್ಚಬಾರದು, ಅಲ್ಲಿ ತೇವ ನಿಂತರೆ ಬೂಷ್ಟು ಬೆಳೆಯುತ್ತದೆ. ಸ್ಪರ್ಶ ಮಂದವಾಗಿರಬಹುದಾದ್ದರಿಂದ ನೀರಿನ ಬಿಸಿಯನ್ನು ಬೇರೆಯವರು ಮೊಣಕೈಯಿಂದ ನೋಡಬೇಕು, ಬ್ಲೇಡಿನಿಂದ ಹಿಮ್ಮಡಿ ಕೆರೆಯುವುದನ್ನು ಸಂಪೂರ್ಣವಾಗಿ ನಿಲ್ಲಿಸಬೇಕು.

ಸಕ್ಕರೆ ಕಾಯಿಲೆ ಇಲ್ಲದವರ ಹಿಮ್ಮಡಿ ಒಡಕಿಗೆ ರಾತ್ರಿಯ ಕ್ರಮವೇ ಸರಿ. ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಕಾಲು ನೆನೆಸಿ, ಮೆತ್ತಗಾದ ಸತ್ತ ಚರ್ಮವನ್ನು ಉಜ್ಜುಕಲ್ಲಿನಿಂದ ಹಗುರವಾಗಿ ತೆಗೆದು, ಒತ್ತಿ ಒರೆಸಿ, ಯೂರಿಯಾ ಕ್ರೀಮನ್ನೋ ಮುರುಗಲ ತುಪ್ಪವನ್ನೋ ಜೆಲ್ಲಿಯನ್ನೋ ದಪ್ಪನಾಗಿ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಬೇಕು. ಕಲ್ಲಿನ ಬಳಕೆ ವಾರಕ್ಕೆ ಒಂದೆರಡು ಬಾರಿ ಸಾಕು, ಹಚ್ಚುವುದು ಮಾತ್ರ ಪ್ರತಿರಾತ್ರಿ. ರಕ್ತ ಜಿನುಗುವ ಸೀಳಿಗೆ ಕಲ್ಲು ತಾಗಿಸಬಾರದು. ಹಗಲಿನಲ್ಲಿ ಹಿಮ್ಮಡಿ ಮುಚ್ಚುವ ಪಾದರಕ್ಷೆ ತೊಟ್ಟರೆ ಗುಣವಾಗುವುದು ಬೇಗ.

ಎಚ್ಚರಿಕೆಗಳು

ಎಣ್ಣೆ ಮತ್ತು ಪ್ಯಾರಾಫಿನ್ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಗೆದರೂ ಆ ಜಿಡ್ಡು ಪೂರ್ತಿ ಹೋಗುವುದಿಲ್ಲ. ಮೈಗೆಲ್ಲ ಹಚ್ಚಿಕೊಂಡ ಹಿರಿಯರು ಒಲೆ, ದೇವರ ದೀಪ, ಬೀಡಿಗಳಿಂದ ದೂರವಿರುವಂತೆಯೂ, ಅವರ ಹಾಸಿಗೆಯ ಬಟ್ಟೆಗಳು ಆಗಾಗ ಬದಲಾಗುವಂತೆಯೂ ನೋಡಿಕೊಳ್ಳಬೇಕು. ಎಣ್ಣೆ ಬಿದ್ದ ಬಚ್ಚಲ ನೆಲ ಜಾರುತ್ತದೆ. ಹಚ್ಚುವ ಜಾಗ ಬಚ್ಚಲಿನ ಹೊರಗಿರಬೇಕೆಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ. ಎಲ್ಲರೂ ಬೆರಳದ್ದುವ ಡಬ್ಬಿಯಲ್ಲಿ ರೋಗಾಣು ಬೆಳೆಯುವುದರಿಂದ ಪಂಪ್ ಇರುವ ಸೀಸೆ ಕೊಳ್ಳುವುದು, ಇಲ್ಲವೇ ಒಣ ಚಮಚದಿಂದ ತೆಗೆದುಕೊಳ್ಳುವುದು ಒಳ್ಳೆಯದು. ಹೊಸ ಕ್ರೀಮನ್ನು ಮೊದಲು ಮುಂಗೈಯ ಒಳಭಾಗದಲ್ಲಿ ಎರಡು ಮೂರು ದಿನ ಹಚ್ಚಿ ನೋಡಿ ಆಮೇಲೆ ಮೈಗೆ ಬಳಸಬೇಕು.

ಹೊಟ್ಟೇಳುವುದೆಲ್ಲ ಒಣಚರ್ಮವಲ್ಲ. ಅಂಚು ಉಬ್ಬಿ, ನಡುವೆ ತಿಳಿಯಾಗಿ ಉಂಗುರದಂತೆ ಹರಡುವುದು ಗಜಕರ್ಣ. ಅದಕ್ಕೆ ಎಣ್ಣೆಯಿಂದ ಗುಣವಿಲ್ಲ, ಟವೆಲ್ ಹಂಚಿಕೊಂಡರೆ ಮನೆಯವರಿಗೂ ಹರಡುತ್ತದೆ. ರಾತ್ರಿ ಹೆಚ್ಚುವ ತುರಿಕೆ, ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ, ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ಬಂದಿರುವುದು ಇವು ಕಜ್ಜಿಯ ಲಕ್ಷಣಗಳು. ಆಗ ಎಲ್ಲರೂ ಒಂದೇ ದಿನ ಚಿಕಿತ್ಸೆ ಪಡೆಯಬೇಕು. ಮೊಣಕೈ, ಮೊಣಕಾಲು, ನೆತ್ತಿಗಳಲ್ಲಿ ದಪ್ಪ ಬೆಳ್ಳಿಬಣ್ಣದ ಹೊಟ್ಟಿದ್ದರೆ ಅದು ಸೋರಿಯಾಸಿಸ್ ಇರಬಹುದು. ಎಷ್ಟು ಹಚ್ಚಿದರೂ ಇಡೀ ಮೈ ಒಣಗಿಯೇ ಇದ್ದು, ಜೊತೆಗೆ ಆಯಾಸ, ತೂಕದಲ್ಲಿ ವ್ಯತ್ಯಾಸ, ಬಾವುಗಳಿದ್ದರೆ ಥೈರಾಯ್ಡ್, ಮೂತ್ರಪಿಂಡ, ಸಕ್ಕರೆ ಕಾಯಿಲೆಗಳ ಪರೀಕ್ಷೆ ಮಾಡಿಸಬೇಕು.

ಇಂಥ ಸಂದರ್ಭದಲ್ಲಿ ಔಷಧದ ಅಂಗಡಿಗೆ ಹೋಗಿ ತುರಿಕೆಗೊಂದು ಟ್ಯೂಬು ಕೊಡಿ ಎಂದು ಕೇಳಿ ತರುವುದು ನಮ್ಮಲ್ಲಿ ಬೇರೂರಿರುವ ಅಭ್ಯಾಸ. ಆ ಟ್ಯೂಬುಗಳಲ್ಲಿ ಬಹಳಷ್ಟು ಕ್ಲೊಬೆಟಸಾಲ್, ಬೆಟಮೆಥಸೋನ್‌ನಂಥ ಪ್ರಬಲ ಸ್ಟೀರಾಯ್ಡ್ ಇರುವಂಥವು. ಎರಡು ದಿನ ತುರಿಕೆ ಅಡಗುತ್ತದೆ, ಆಮೇಲೆ ಚರ್ಮ ತೆಳುವಾಗುತ್ತದೆ, ಗಜಕರ್ಣವಾಗಿದ್ದರೆ ಇಡೀ ಮೈಗೆ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿದೆ. ಎರಡು ವಾರ ಸರಿಯಾಗಿ ಆರೈಕೆ ಮಾಡಿದರೂ ಇಳಿಯದ ತುರಿಕೆ, ಕೀವು ಅಥವಾ ನೀರು ಸೋರುವುದು, ಕೆಂಪಾಗಿ ಬಿಸಿಯಾಗಿರುವುದು, ಮಗುವಿನ ನಿದ್ದೆ ಕೆಡುವಷ್ಟು ಕೆರೆತ ಇವುಗಳಲ್ಲಿ ಯಾವುದಿದ್ದರೂ ಚರ್ಮವೈದ್ಯರನ್ನು ಕಾಣಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿಯೂ ಚರ್ಮರೋಗ ವಿಭಾಗವಿರುತ್ತದೆ. ಹೋಗುವಾಗ ಅದುವರೆಗೆ ಮೈಗೆ ಹಚ್ಚಿದ ಎಣ್ಣೆ, ಸಾಬೂನು, ಟ್ಯೂಬು ಎಲ್ಲವನ್ನೂ, ಖಾಲಿಯಾದ ಟ್ಯೂಬನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಬೇಕು.